ನಲ್ಲಿ ಒಣಗಿದಾಗ ಸಿಕ್ಕ ಉತ್ತರಗಳು: 2024ರ ಬೆಂಗಳೂರಿನ ಒಂದು ಪ್ರಕರಣ ಅಧ್ಯಯನ

2024ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ನಿವಾಸಿಗಳಿಗೆ ಕುಡಿಯುವ ನೀರಿನ ಬಗ್ಗೆ ಸರ್ಕಾರದಿಂದ ಸಿಕ್ಕ ವಿವರಣೆಗಳನ್ನು ಒಂದಾದ ಮೇಲೊಂದರಂತೆ ಇಟ್ಟು ನೋಡುವುದು ಈ ಅಧ್ಯಯನದ ಉದ್ದೇಶ. ನೀರಿನ ಕೊರತೆ ಏಕೆ ಬಂತು ಎಂಬುದರ ಮೇಲೆ ಸಾಕಷ್ಟು ಬರಹಗಳು ಬಂದಿವೆ. ಕೊರತೆ ಬಂದಾಗ ಅಧಿಕಾರದಲ್ಲಿದ್ದ ಜನಪ್ರತಿನಿಧಿಗಳು ಜನರಿಗೆ ಏನು ಹೇಳಿದರು, ಹೇಳಿದ್ದರಲ್ಲಿ ಯಾವುದು ನಿವಾಸಿಯ ಕೈಗೆ ಹತ್ತುವಂತಿತ್ತು, ಯಾವುದು ಹತ್ತಲಿಲ್ಲ ಎಂಬ ಪ್ರಶ್ನೆಯ ಕಡೆಗೆ ಹೋದ ಗಮನ ಕಡಿಮೆ. ಈ ಪ್ರಕರಣಕ್ಕೆ ಇನ್ನೊಂದು ವಿಶೇಷವಿದೆ. ಆ ಇಡೀ ಅವಧಿಯಲ್ಲಿ ಬೆಂಗಳೂರಿನಲ್ಲಿ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ವಾರ್ಡಿನ ಬೀದಿಯಲ್ಲಿ ನಿಂತು ಕೊಡಬೇಕಾದ ಉತ್ತರವನ್ನು ವಿಧಾನಸೌಧದ ಪತ್ರಿಕಾಗೋಷ್ಠಿಯಿಂದ ಕೊಡಬೇಕಾಯಿತು.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) 198 ವಾರ್ಡುಗಳ ಕೊನೆಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ಪಾಲಿಕೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ವಾರ್ಡುಗಳ ಸಂಖ್ಯೆಯನ್ನು ಮೊದಲು 243 ಎಂದೂ ನಂತರ 225 ಎಂದೂ ಮರುವಿಂಗಡಿಸಲಾಯಿತು, ಮೀಸಲಾತಿ ಪಟ್ಟಿ ನ್ಯಾಯಾಲಯಕ್ಕೆ ಹೋಯಿತು, ಚುನಾವಣೆ ಮಾತ್ರ ನಡೆಯಲಿಲ್ಲ. 2023ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದು, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಗೆ ಬೆಂಗಳೂರು ನಗರಾಭಿವೃದ್ಧಿ ಮತ್ತು ಜಲಸಂಪನ್ಮೂಲ ಖಾತೆಗಳೆರಡೂ ದೊರೆತಾಗ, ನಗರದ ಗುಂಡಿಯಿಂದ ಹಿಡಿದು ಕಾವೇರಿಯ ಅಣೆಕಟ್ಟಿನವರೆಗಿನ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಬೇಕಾದವರು ಒಬ್ಬರೇ ಎಂಬಂತಾಯಿತು. ಹಾಗಾಗಿ ಇಲ್ಲಿ ಅವರನ್ನು ಇಡೀ ನಗರಕ್ಕೆ ಏಕೈಕ ಕಾರ್ಪೊರೇಟರ್ ಸ್ಥಾನದಲ್ಲಿ ನಿಂತವರೆಂದು ಪರಿಗಣಿಸಿ ನೋಡುವುದು ತಪ್ಪಾಗಲಾರದು.

ಕೊರತೆ ಬೀಳುವ ಮೊದಲು

2024ರ ಜನವರಿಯ ಆರಂಭದಲ್ಲಿ ‘ಬಾಗಿಲಿಗೆ ಬಂತು ಸರ್ಕಾರ, ಸೇವೆಗೆ ಇರಲಿ ಸಹಕಾರ’ ಎಂಬ ಹೆಸರಿನ ಅಹವಾಲು ಸ್ವೀಕಾರ ಕಾರ್ಯಕ್ರಮ ಕೆ.ಆರ್. ಪುರದ ಕಡೆಯಿಂದ ಶುರುವಾಯಿತು. ಉಪಮುಖ್ಯಮಂತ್ರಿಗಳು, ಪಾಲಿಕೆ, ನಗರಕ್ಕೆ ನೀರು ಸರಬರಾಜು ಮಾಡುವ ಜಲಮಂಡಳಿ, ಅಭಿವೃದ್ಧಿ ಪ್ರಾಧಿಕಾರವಾದ ಬಿಡಿಎ, ವಿದ್ಯುತ್ ಸಂಸ್ಥೆಯಾದ ಬೆಸ್ಕಾಂ ಅಧಿಕಾರಿಗಳೆಲ್ಲ ಒಂದೇ ಪೆಂಡಾಲಿನಡಿ ಕುಳಿತು ನಿವಾಸಿಗಳಿಂದ ಅರ್ಜಿ ಪಡೆಯುವ ಏರ್ಪಾಡು ಅದು. ಆಸ್ತಿಯ ಖಾತೆ, ರಾಜಕಾಲುವೆ ಒತ್ತುವರಿ, ಕಸ, ಅಗೆದು ಹಾಗೆಯೇ ಬಿಟ್ಟ ರಸ್ತೆ, ನೀರು ಇವೇ ಆ ಭಾಗದ ಜನರ ನಿತ್ಯದ ದೂರುಗಳು. ಕಾರ್ಯಕ್ರಮದ ಉದ್ದೇಶವನ್ನು ಸಂಶಯಿಸುವ ಅಗತ್ಯವಿಲ್ಲ. ಆದರೆ ಕಾರ್ಪೊರೇಟರ್ ಮತ್ತು ನಿವಾಸಿಗಳಿರುವ ವಾರ್ಡ್ ಸಮಿತಿಯೊಂದು ತಿಂಗಳಿಗೊಮ್ಮೆ ಸಣ್ಣ ಕೋಣೆಯಲ್ಲಿ ಮುಗಿಸಬೇಕಾದ ಕೆಲಸವನ್ನು ರಾಜ್ಯದ ಎರಡನೇ ಅತಿ ದೊಡ್ಡ ಹುದ್ದೆಯಲ್ಲಿರುವವರು ಮೈದಾನದಲ್ಲಿ ಮಾಡಬೇಕಾಗಿ ಬಂದಿತ್ತೆಂಬುದು ಆಡಳಿತದ ಯಾವ ಮೆಟ್ಟಿಲು ಮುರಿದಿದೆ ಎಂಬುದನ್ನು ತೋರಿಸುತ್ತದೆ.

ಕೆ.ಆರ್. ಪುರ, ಮಹದೇವಪುರಗಳ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾರ್ಚ್‌ನಲ್ಲಿ ಹೆಚ್ಚು ಬಿಸಿ ತಟ್ಟಿದ್ದು ನಗರದ ಇಂಥ ಅಂಚುಗಳಿಗೆ. 2007ರಲ್ಲಿ ಹಳೆಯ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಲಾಯಿತು. ಇನ್ನೂರ ಚಿಲ್ಲರೆ ಚದರ ಕಿಲೋಮೀಟರ್ ಇದ್ದ ಪಾಲಿಕೆ ಏಕಾಏಕಿ ಏಳುನೂರು ಚದರ ಕಿಲೋಮೀಟರ್ ದಾಟಿತು. ಗ್ರಾಮ ಪಂಚಾಯಿತಿ ಇದ್ದಾಗ ಊರಿನ ನೀರುಗಂಟಿ ಯಾರೆಂದು ಪ್ರತಿ ಮನೆಗೂ ಗೊತ್ತಿತ್ತು. ಮೋಟರು ಸುಟ್ಟರೆ ಪಂಚಾಯಿತಿ ಸದಸ್ಯನ ಮನೆ ಮುಂದೆ ಹೋಗಿ ಕೂತರೆ ಸಾಕಿತ್ತು. ನಗರಕ್ಕೆ ಸೇರಿದ ಮೇಲೆ ತೆರಿಗೆ ನಗರದ್ದಾಯಿತು, ಕಟ್ಟಡಗಳು ನಗರದ್ದಾದವು, ನೀರು ಮಾತ್ರ ಕೊಳವೆಬಾವಿಯದ್ದೇ ಉಳಿಯಿತು. ಆ ಕೊಳವೆಬಾವಿಗಳ ಹೊಣೆಯೂ ಪಾಲಿಕೆ ಮತ್ತು ಜಲಮಂಡಳಿಯ ನಡುವೆ ಹಂಚಿಹೋಗಿದ್ದರಿಂದ, ಮೋಟರು ಕೆಟ್ಟಾಗ ಯಾರನ್ನು ಕೇಳಬೇಕೆಂಬುದೇ ಒಂದು ಪ್ರಶ್ನೆಯಾಗಿತ್ತು.

ಈ 110 ಹಳ್ಳಿಗಳಿಗಾಗಿಯೇ ರೂಪಿಸಿದ್ದು ಕಾವೇರಿ ಐದನೇ ಹಂತ: ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ, ಸುಮಾರು 4,336 ಕೋಟಿ ರೂಪಾಯಿ ವೆಚ್ಚದಲ್ಲಿ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ. ಸುಮಾರು 50 ಲಕ್ಷ ಜನರಿಗೆ, 4 ಲಕ್ಷ ಸಂಪರ್ಕಗಳ ಮೂಲಕ ನೀರು ಕೊಡುವುದು ಅದರ ಗುರಿ. ಕೊಳವೆ ಹಾಕಲು ಬೀದಿ ಬೀದಿ ಅಗೆದಿದ್ದರಿಂದ ನಿವಾಸಿಗಳ ಪಾಲಿಗೆ ಯೋಜನೆಯ ಪ್ರಗತಿ ವರದಿಯೆಂದರೆ ಹಲವು ವರ್ಷ ಮನೆ ಮುಂದಿನ ಮಣ್ಣಿನ ಗುಡ್ಡೆಯೇ ಆಗಿತ್ತು. ಕೊಳವೆ ಬಂತು, ಮೀಟರ್ ಬಂತು, ನೀರು ಬರಲಿಲ್ಲ ಎಂಬ ಮಾತು ಆ ಕಡೆಯ ಬಡಾವಣೆಗಳಲ್ಲಿ ಹಳೆಯದು.

ಮಾರ್ಚ್ ತಿಂಗಳ ಅಂಕಿಗಳು

2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅಂತರ್ಜಲ ಇಳಿದು, ಬೆಂಗಳೂರಿನ ಅಂಚಿನ ಕೊಳವೆಬಾವಿಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಮಾರ್ಚ್ ಮೊದಲ ವಾರದಲ್ಲಿ ಉಪಮುಖ್ಯಮಂತ್ರಿಗಳು ಸದಾಶಿವನಗರದಲ್ಲಿ ಸ್ಯಾಂಕಿ ಕೆರೆಯ ಪಕ್ಕದಲ್ಲಿರುವ ತಮ್ಮ ಮನೆಯ ಕೊಳವೆಬಾವಿಯೂ ಮೊದಲ ಬಾರಿಗೆ ಬತ್ತಿದೆಯೆಂದು ಹೇಳಿದರು. ಈ ಮಾತನ್ನು ಕೆಲವರು ಲೇವಡಿ ಮಾಡಿದರು. ನನ್ನ ದೃಷ್ಟಿಯಲ್ಲಿ ಆ ಇಡೀ ತಿಂಗಳಲ್ಲಿ ಸಾಮಾನ್ಯ ನಿವಾಸಿಗೆ ಕೂಡಲೇ ಅರ್ಥವಾದ ಹೇಳಿಕೆಗಳಲ್ಲಿ ಅದೂ ಒಂದು: ಯಾವ ಜಾಗ, ಯಾವ ಬಾವಿ, ಏನಾಗಿದೆ ಎಂಬ ಮೂರೂ ಅದರಲ್ಲಿದ್ದವು.

ಮಾರ್ಚ್ 18ರ ಸಭೆಯ ನಂತರ ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಬೇರೆ ಬಗೆಯದು. ನಗರಕ್ಕೆ ದಿನವೊಂದಕ್ಕೆ ಬೇಕಾದದ್ದು 2,600 ದಶಲಕ್ಷ ಲೀಟರ್, ಕಾವೇರಿಯಿಂದ ಬರುತ್ತಿರುವುದು 1,470, ಕೊಳವೆಬಾವಿಗಳಿಂದ 650, ಸುಮಾರು 500 ಕೊರತೆ. ಸರ್ಕಾರಿ ಲೆಕ್ಕದ 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ. ಹೊಸ ಕೊಳವೆಬಾವಿ ಕೊರೆಯಲು 313 ಸ್ಥಳಗಳನ್ನು ಗುರುತಿಸಲಾಗಿದೆ, ನಿಂತುಹೋಗಿರುವ 1,200 ಬಾವಿಗಳಿಗೆ ಮರುಜೀವ ಕೊಡಲಾಗುವುದು, ಐದನೇ ಹಂತ ಜೂನ್ ವೇಳೆಗೆ ಆರಂಭವಾಗಲಿದೆ. ಅಂಕಿಗಳು ಮುಚ್ಚುಮರೆಯಿಲ್ಲದೆ ಬಂದವು ಎಂಬುದಕ್ಕೆ ಸರ್ಕಾರಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು; ಕೊರತೆಯೇ ಇಲ್ಲ ಎಂದು ವಾದಿಸುವ ಹಳೆಯ ಚಾಳಿಗಿಂತ ಇದು ಎಷ್ಟೋ ಮೇಲು.

ಆದರೆ ಈ ಲೆಕ್ಕವನ್ನು ನಗರದ ಅಂಚಿನ ಹೂಡಿ ಅಥವಾ ಹೊರಮಾವು ಬಡಾವಣೆಯ ಒಂದು ಮನೆಯ ಕಡೆಯಿಂದ ಓದಿ ನೋಡಬೇಕು. 500 ದಶಲಕ್ಷ ಲೀಟರ್ ಕೊರತೆಯೆಂದರೆ ಒಟ್ಟು ಬೇಡಿಕೆಯ ಐದರಲ್ಲಿ ಒಂದು ಭಾಗ. ಆ ಕೊರತೆ ನಗರದ ಎಲ್ಲರ ಮೇಲೂ ಸಮನಾಗಿ ಹಂಚಿದ್ದಿದ್ದರೆ ಬಿಕ್ಕಟ್ಟೆಂಬ ಮಾತೇ ಹುಟ್ಟುತ್ತಿರಲಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಸಂಪರ್ಕಗಳಿಗೆ ಕಾವೇರಿ ನೀರು ಮೊದಲಿನಂತೆ ದಿನ ಬಿಟ್ಟು ದಿನ ಬರುತ್ತಿತ್ತು. ಕೊಳವೆಬಾವಿಯನ್ನೇ ನಂಬಿದ್ದ ಬೀದಿಯಲ್ಲಿ ಬಾವಿ ಬತ್ತಿದರೆ ಕೊರತೆ ಐದನೇ ಒಂದು ಭಾಗವಲ್ಲ, ಪೂರ್ತಿ ನೂರಕ್ಕೆ ನೂರು. ನಗರದ ಸರಾಸರಿ ಹೇಳಿದ ಪ್ರಕಟಣೆ ನೀರಿದ್ದವರನ್ನು ಗಾಬರಿಪಡಿಸಿತು, ನೀರಿಲ್ಲದವರಿಗೆ ಏನನ್ನೂ ತಿಳಿಸಲಿಲ್ಲ. ಮರುಜೀವ ಪಡೆಯಲಿರುವ 1,200 ಬಾವಿಗಳಲ್ಲಿ ನಮ್ಮ ಬೀದಿಯದು ಇದೆಯೇ, ಇದ್ದರೆ ಯಾವ ವಾರ, ಇಲ್ಲದಿದ್ದರೆ ಟ್ಯಾಂಕರ್ ಯಾವ ಹೊತ್ತಿಗೆ, ಅದು ಬಾರದಿದ್ದರೆ ಯಾರ ಫೋನಿಗೆ ಕರೆ ಮಾಡಬೇಕು ಎಂಬ ಸಣ್ಣ ಪ್ರಶ್ನೆಗಳಿಗೆ ಆ ಮಟ್ಟದ ಸಭೆಯಲ್ಲಿ ಉತ್ತರ ಇರುವುದು ಸಾಧ್ಯವೂ ಇರಲಿಲ್ಲ. ಜಲಮಂಡಳಿಯ 1916 ಸಹಾಯವಾಣಿ ಇತ್ತು. ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ. ಕೆಳಗಿನ ರಸ್ತೆಗೆ ಇವತ್ತು, ಮೇಲಿನ ರಸ್ತೆಗೆ ನಾಳೆ ಎಂದು ನಾಲ್ಕು ಜನರೆದುರು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ.

ಹಣದ ವಿವರವೂ ಇದೇ ಜಾಡಿನದು. ನೀರಿನ ಸಮಸ್ಯೆಗೆ 556 ಕೋಟಿ ರೂಪಾಯಿ ಇದೆಯೆಂದು ಉಪಮುಖ್ಯಮಂತ್ರಿಗಳು ಪ್ರಕಟಿಸಿದರು: ಪಾಲಿಕೆಯಿಂದ 148 ಕೋಟಿ, ಜಲಮಂಡಳಿಯಿಂದ 128 ಕೋಟಿ, ನಗರದ ಶಾಸಕರಿಗೆ ತಲಾ 10 ಕೋಟಿ. ಇಪ್ಪತ್ತೆಂಟು ಕ್ಷೇತ್ರಗಳಿಗೆ 280 ಕೋಟಿ ಸೇರಿದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಹೀಗೆ ವಾರ್ಡ್ ಸದಸ್ಯನಿಲ್ಲದ ಜಾಗವನ್ನು ಶಾಸಕರು ತುಂಬಲೆಂದು ಸರ್ಕಾರ ಬಯಸಿತೆಂಬುದು ಸ್ಪಷ್ಟ. ಅದು ಎಷ್ಟರಮಟ್ಟಿಗೆ ಸಾಧ್ಯ? 2011ರ ಜನಗಣತಿಯ ಪ್ರಕಾರ 84 ಲಕ್ಷ ಜನಸಂಖ್ಯೆಯನ್ನು 198 ವಾರ್ಡುಗಳಿಗೆ ಭಾಗಿಸಿದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42,000 ಜನ. ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರೇ ಆರು ಲಕ್ಷಕ್ಕೂ ಹೆಚ್ಚು. ಅಲ್ಲಿನ ಶಾಸಕರು ಯಾವ ಪಕ್ಷದವರಾಗಿದ್ದರೂ, ಎಷ್ಟು ಶ್ರಮಜೀವಿಗಳಾಗಿದ್ದರೂ, ಯಾವ ಬೀದಿಯ ವಾಲ್ವ್ ಎಷ್ಟು ಗಂಟೆಗೆ ತೆರೆದಿತ್ತೆಂಬ ಲೆಕ್ಕ ಇಡಲಾರರು.

ಟ್ಯಾಂಕರ್ ದರಪಟ್ಟಿ

ಇಡೀ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಕ್ರಮ ಇದೇ ಎಂದು ನನಗನ್ನಿಸುತ್ತದೆ. ಫೆಬ್ರುವರಿ ಕೊನೆಯ ವೇಳೆಗೆ 12,000 ಲೀಟರ್ ಟ್ಯಾಂಕರಿಗೆ ಎರಡು ಸಾವಿರ ರೂಪಾಯಿಗೂ ಮೇಲೆ ಕೇಳುತ್ತಿದ್ದರು. ಮಾರ್ಚ್ 7ರೊಳಗೆ ಎಲ್ಲ ಖಾಸಗಿ ಟ್ಯಾಂಕರ್‌ಗಳೂ ನೋಂದಾಯಿಸಿಕೊಳ್ಳಬೇಕು, ತಪ್ಪಿದರೆ ವಶಕ್ಕೆ ತೆಗೆದುಕೊಳ್ಳುವುದಾಗಿ ಉಪಮುಖ್ಯಮಂತ್ರಿಗಳು ಎಚ್ಚರಿಸಿದರು. ಆ ಹೊತ್ತಿಗೆ 3,500 ಟ್ಯಾಂಕರ್‌ಗಳ ಪೈಕಿ ನೋಂದಣಿಯಾಗಿದ್ದವು 219 ಎಂದೂ ತಿಳಿಸಿದರು. ಬಳಕೆಯಿಲ್ಲದೆ ನಿಂತಿರುವ ಹಾಲಿನ ಟ್ಯಾಂಕರ್‌ಗಳಲ್ಲೂ ನೀರು ಸಾಗಿಸುವ ಮಾತು ಬಂತು. ಆಮೇಲೆ ಬೆಂಗಳೂರು ನಗರ ಜಿಲ್ಲಾಡಳಿತ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000; ಐದರಿಂದ ಹತ್ತು ಕಿಲೋಮೀಟರ್ ದೂರಕ್ಕೆ ಕ್ರಮವಾಗಿ 750, 850 ಮತ್ತು 1,200.

ಈ ದರಪಟ್ಟಿಗೂ ಹಿಂದಿನ ಅಂಕಿಗಳಿಗೂ ಇರುವ ವ್ಯತ್ಯಾಸ ಮೂಲಭೂತವಾದದ್ದು. ದಿನಕ್ಕೆ 1,470 ದಶಲಕ್ಷ ಲೀಟರ್ ಬರುತ್ತಿದೆಯೋ ಇಲ್ಲವೋ ಎಂಬುದನ್ನು ಯಾವ ನಿವಾಸಿಯೂ ಪರೀಕ್ಷಿಸಲಾರ. ಟ್ಯಾಂಕರ್ ಡ್ರೈವರ್ ಗೇಟಿನ ಮುಂದೆ ನಿಂತು ಎಷ್ಟು ಕೇಳಿದನೆಂಬುದನ್ನು ಓದು ಬರಹ ಬಾರದವರೂ ಪಟ್ಟಿಯ ಜೊತೆ ಹೋಲಿಸಬಲ್ಲರು. ಸರ್ಕಾರ ಹೇಳಿದ್ದು ನಿಜವೋ ಸುಳ್ಳೋ ಎಂಬುದು ಅವತ್ತೇ, ಅಲ್ಲೇ ತಿಳಿದುಹೋಗುತ್ತದೆ. ಪರಿಣಾಮವಾಗಿ ದೂರುಗಳೂ ಕೂಡಲೇ ಬಂದವು: ಪಟ್ಟಿಯ ದರಕ್ಕೆ ಬರಲೊಲ್ಲದ ಟ್ಯಾಂಕರ್‌ಗಳು, ಹತ್ತು ಕಿಲೋಮೀಟರ್ ಆಚೆಯಿಂದ ತಂದ ನೀರೆಂಬ ಸಬೂಬು, ನಾಲ್ಕು ದಿನ ಮುಂಚೆ ಹೇಳಬೇಕಿತ್ತೆಂಬ ಉತ್ತರ. ಟ್ಯಾಂಕರ್‌ನವರ ಪಾಲಿನ ವಾದವೂ ಇತ್ತು. ಅವರ ಬಾವಿಗಳೂ ಬತ್ತುತ್ತಿದ್ದವು, ದೂರದಿಂದ ತರುವ ಡೀಸೆಲ್ ಖರ್ಚು ಏರಿತ್ತು. ದರ ಜಾರಿಯಾಗಲಿಲ್ಲವೆಂದು ಪಟ್ಟಿಯನ್ನು ವಿಫಲವೆಂದು ಕರೆದವರು ಬಹಳ. ನಾನು ಹಾಗೆ ನೋಡುವುದಿಲ್ಲ. ನಿವಾಸಿಯ ಕೈಗೆ ಅಳತೆಗೋಲು ಕೊಟ್ಟ ಪ್ರಕಟಣೆ ಅದು. ಅಳತೆಗೋಲು ಕೈಯಲ್ಲಿದ್ದುದರಿಂದಲೇ ವೈಫಲ್ಯ ಕಣ್ಣಿಗೆ ಬಿತ್ತು. ಇಲ್ಲದಿದ್ದದ್ದು, ಹಾಗೆ ಕಣ್ಣಿಗೆ ಬಿದ್ದ ವೈಫಲ್ಯವನ್ನು ಮರುದಿನವೇ ಕೊಂಡೊಯ್ದು ಇಡಬಹುದಾದ, ಹೆಸರಿರುವ, ಮುಂದಿನ ಚುನಾವಣೆಯಲ್ಲಿ ಅದೇ ಬೀದಿಗೆ ಬರಲೇಬೇಕಾದ ಒಬ್ಬ ವ್ಯಕ್ತಿ.

ದರಪಟ್ಟಿ ಇನ್ನೊಂದು ಸತ್ಯವನ್ನೂ ತೋರಿಸಿತು, ಬಹುಶಃ ಸರ್ಕಾರ ಉದ್ದೇಶಿಸದೆ. ನಾಲ್ಕು ಜನರ ಒಂದು ಮನೆ, ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಸಾಮಾನ್ಯ ಮಾನದಂಡದಂತೆ ಬಳಸಿದರೆ ತಿಂಗಳಿಗೆ 16,200 ಲೀಟರ್ ಬೇಕು. ಜಲಮಂಡಳಿಯ ಆಗಿನ ದರ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ 7 ರೂಪಾಯಿ, ನಂತರದ ಹಂತಕ್ಕೆ 11 ರೂಪಾಯಿ. ಇತರ ಶುಲ್ಕ ಬಿಟ್ಟರೆ ಆ ಮನೆಯ ನೀರಿನ ಬಾಬ್ತು 146 ರೂಪಾಯಿ. ಅದೇ ನೀರನ್ನು ಸರ್ಕಾರವೇ ನ್ಯಾಯವೆಂದು ಗೊತ್ತುಮಾಡಿದ ದರದಲ್ಲಿ, 6,000 ಲೀಟರಿನ ಸಣ್ಣ ಟ್ಯಾಂಕರಿನಲ್ಲಿ ಕೊಂಡರೆ 1,620 ರೂಪಾಯಿ. ಹನ್ನೊಂದು ಪಟ್ಟು. ಸಂಪ್ ಸಣ್ಣದಿರುವವರು ಸಣ್ಣ ಟ್ಯಾಂಕರನ್ನೇ ತರಿಸಬೇಕು, ಲೀಟರಿಗೆ ಹೆಚ್ಚು ತೆರಬೇಕು. ಸಂಪ್ ಕೂಡ ಇಲ್ಲದ ವಠಾರದವರು ಬಿಂದಿಗೆ ಲೆಕ್ಕದಲ್ಲಿ ಕೊಳ್ಳಬೇಕು. ವಾರ್ಡ್ ಮಟ್ಟದಲ್ಲಿ ಒಂದು ಸಭೆ ನಡೆದಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಏಳುತ್ತಿದ್ದ ಪ್ರಶ್ನೆ ಇದು. ವಿಧಾನಸೌಧದ ಅಂಕಿಗಳಲ್ಲಿ ಇದಕ್ಕೆ ಜಾಗವಿರಲಿಲ್ಲ.

ಇದೇ ಕಾಲದಲ್ಲಿ ಜಲಮಂಡಳಿ ಹೊರಡಿಸಿದ ನಿರ್ಬಂಧಗಳನ್ನು ಬೇಗ ಹೇಳಿ ಮುಗಿಸಬಹುದು. ಕಾರು ತೊಳೆಯಲು, ಗಿಡಗಳಿಗೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ, ಈಜುಕೊಳಗಳಿಗೆ ನಿಷೇಧ, ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್, ಶುದ್ಧೀಕರಿಸಿದ ನೀರಿನಿಂದ ಕೆರೆ ತುಂಬಿಸುವ ಕೆಲಸ. ಮಾರ್ಚ್ ಕೊನೆಯ ವೇಳೆಗೆ 22 ಮನೆಗಳಿಂದ ಒಟ್ಟು 1.1 ಲಕ್ಷ ರೂಪಾಯಿ ದಂಡ ವಸೂಲಾಗಿತ್ತು. ಕೋಟಿ ದಾಟಿದ ಜನರಿರುವ ನಗರದಲ್ಲಿ 22 ಮನೆ ಏನೇನೂ ಅಲ್ಲ, ಆದರೂ ಸುದ್ದಿಯಾದ ರೀತಿಯಿಂದ ನೀರು ಪೋಲು ಮಾಡಲು ಜನ ಅಂಜಿದ್ದು ನಿಜ.

ಚುನಾವಣೆ ನಡುವೆ ಬಂದಾಗ

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂತು. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ. ಕೊರತೆ ತೀವ್ರವಾಗಿದ್ದ ಆರು ವಾರಗಳು ಹಾಗೆ ಪ್ರಚಾರದ ಕಾಲವೂ ಆದವು. ವಿರೋಧ ಪಕ್ಷಗಳು ಸರ್ಕಾರದ ಮುನ್ನೋಟವಿಲ್ಲದಿರುವಿಕೆಯನ್ನು ಹಳಿದವು. ಸರ್ಕಾರದ ಕಡೆಯವರು ಮೇಕೆದಾಟು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಗದಿರುವುದನ್ನು ಮುಂದಿಟ್ಟರು. 67 ಟಿಎಂಸಿ ಸಾಮರ್ಥ್ಯದ ಆ ಜಲಾಶಯದ ಪರವಾಗಿ 2022ರ ಜನವರಿಯಲ್ಲಿ ಪಾದಯಾತ್ರೆ ಮಾಡಿದವರೇ ಈಗ ಖಾತೆ ಹೊಂದಿದ್ದರಿಂದ ಆ ಮಾತು ಬರುವುದು ಸಹಜವೂ ಆಗಿತ್ತು. ಬೆಂಗಳೂರಿಗೆ ಕಾವೇರಿಯ ಹಕ್ಕಿನ ಪ್ರಶ್ನೆ ಚಿಕ್ಕದಲ್ಲ: ನಗರದ ಮೂರನೇ ಒಂದು ಭಾಗವಷ್ಟೇ ಕಾವೇರಿ ಕಣಿವೆಯಲ್ಲಿದೆಯೆಂಬ ನೆಲೆಯಲ್ಲಿ 2007ರಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ಲೆಕ್ಕ ಹಾಕಿತ್ತು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸಿ ನಗರದ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ಆದರೆ ಇವತ್ತು ಸಂಜೆ ಟ್ಯಾಂಕರ್ ಬರುತ್ತದೆಯೇ ಎಂದು ಕೇಳಿದವರಿಗೆ ಮೇಕೆದಾಟು ಉತ್ತರವಾಗಲಾರದು. ಹತ್ತು ವರ್ಷದ ಯೋಜನೆಯನ್ನೂ ಹತ್ತು ಗಂಟೆಯ ಅಗತ್ಯವನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಕೇಳುಗನಿಗೆ ಎರಡೂ ತಪ್ಪಿಹೋಗುತ್ತವೆ.

ಏಪ್ರಿಲ್‌ನಲ್ಲಿ ಅಪಾರ್ಟ್‌ಮೆಂಟ್ ನಿವಾಸಿಗಳೊಂದಿಗಿನ ಒಂದು ಸಭೆಯಲ್ಲಿ, ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸ್ಪರ್ಧಿಸಿದ್ದ ತಮ್ಮ ಸಹೋದರ ಡಿ.ಕೆ. ಸುರೇಶ್ ಅವರಿಗೆ ಮತ ಕೇಳುತ್ತ, ಅದರ ಜೊತೆಯಲ್ಲೇ ಕಾವೇರಿ ನೀರಿನ ಭರವಸೆಯನ್ನೂ ಪ್ರಸ್ತಾಪಿಸಿದ ಮಾತುಗಳಿಗಾಗಿ ಉಪಮುಖ್ಯಮಂತ್ರಿಗಳ ವಿರುದ್ಧ ಚುನಾವಣಾ ಅಧಿಕಾರಿಗಳ ದೂರಿನ ಮೇಲೆ ಪ್ರಕರಣ ದಾಖಲಾಯಿತು. ಪ್ರಕರಣ ದಾಖಲಾದ ಮಾತ್ರಕ್ಕೆ ತಪ್ಪು ಸಾಬೀತಾದಂತಲ್ಲ. ಅದರ ಕಾನೂನಿನ ಭಾಗ ಈ ಅಧ್ಯಯನದ ವಿಷಯವೂ ಅಲ್ಲ. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಯೋಜನೆಯ ಸ್ಥಿತಿಗತಿ ತಿಳಿಸುವ ಮಾತೂ ಮತ ಕೇಳುವ ಮಾತೂ ಒಂದೇ ವೇದಿಕೆಯಲ್ಲಿ ಬಂದರೆ, ಮೊದಲನೆಯದನ್ನು ಸುದ್ದಿಯೆಂದು ತೆಗೆದುಕೊಳ್ಳಬೇಕೋ ಷರತ್ತೆಂದು ತೆಗೆದುಕೊಳ್ಳಬೇಕೋ ಎಂಬ ಗೊಂದಲ ಕೇಳುಗರಲ್ಲಿ ಹುಟ್ಟುವುದು ಖಂಡಿತ. ನಿಗದಿತ ದಿನಕ್ಕೆ ತಿಂಗಳು ತಿಂಗಳೂ ನಡೆಯುವ ವಾರ್ಡ್ ಸಮಿತಿ ಸಭೆಯ ಒಂದು ಉಪಯೋಗ ಇದು. ಅದು ಚುನಾವಣೆ ಇರಲಿ ಬಿಡಲಿ ನಡೆಯುತ್ತದೆ, ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ.

ಜೂನ್ ಎಂದದ್ದು ಅಕ್ಟೋಬರ್ ಆಯಿತು

ಮೇ ತಿಂಗಳಲ್ಲಿ ಮಳೆ ಬಿತ್ತು. ಜುಲೈನಲ್ಲಿ ಕೆಆರ್‌ಎಸ್ 124.80 ಅಡಿಯ ಪೂರ್ಣಮಟ್ಟ ಮುಟ್ಟಿ, ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಜೂನ್‌ಗೆ ಬರಬೇಕಿದ್ದ ಐದನೇ ಹಂತ ಜೂನ್‌ನಲ್ಲಿ ಬರಲಿಲ್ಲ. ಮಳೆಗಾಲ ಚೆನ್ನಾಗಿದ್ದುದರಿಂದ ಹೆಚ್ಚು ಜನ ಕೇಳಲೂ ಇಲ್ಲ. ಬೇಸಿಗೆಯಲ್ಲಿ ದಿನವೂ ಬರುತ್ತಿದ್ದ ಪ್ರಕಟಣೆಗಳು ವಿರಳವಾದವು. ಗಡುವು ತಪ್ಪಿದ್ದಕ್ಕಿಂತ, ತಪ್ಪಿದ ಗಡುವನ್ನು ಯಾರೂ ಬೀದಿಗೆ ಬಂದು ವಿವರಿಸಬೇಕಾದ ಅಗತ್ಯ ಬೀಳಲಿಲ್ಲವೆಂಬುದೇ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಇಷ್ಟು ದೊಡ್ಡ ಕಾಮಗಾರಿಯಲ್ಲಿ ನಾಲ್ಕು ತಿಂಗಳ ವಿಳಂಬ ಅಪರೂಪವೇನಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ನೀರೆತ್ತಬೇಕು. ಒಂದು ಕಡೆ ಕೊಳವೆಯ ಬೆಸುಗೆ ಬಿಟ್ಟರೂ ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದನ್ನು ಇಷ್ಟೇ ಸರಳವಾಗಿ ಹೇಳಿದ್ದರೂ ಜನ ಒಪ್ಪುತ್ತಿದ್ದರು.

2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಐದನೇ ಹಂತದ ಉದ್ಘಾಟನೆ ನಡೆಯಿತು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಸುರಿದ ಮಳೆಗೆ ಮಾನ್ಯತಾ ಟೆಕ್ ಪಾರ್ಕ್ ಜಲಾವೃತವಾಗಿತ್ತು, ಯಲಹಂಕದ ವಸತಿ ಸಮುಚ್ಚಯವೊಂದರ ನಿವಾಸಿಗಳು ನೆಲಮಹಡಿಗೆ ನುಗ್ಗಿದ ನೀರಿನಲ್ಲಿ ಒದ್ದಾಡುತ್ತಿದ್ದರು. ಮಾರ್ಚ್‌ನಲ್ಲಿ ನೀರಿಲ್ಲವೆಂದು ದೂರಿದವರೂ ಅಕ್ಟೋಬರ್‌ನಲ್ಲಿ ನೀರು ನುಗ್ಗಿತೆಂದು ದೂರಿದವರೂ ಹೋಗಿ ಕೇಳಬೇಕಿದ್ದದ್ದು ಅದೇ ಒಂದು ಕಚೇರಿಯನ್ನು.

775 ದಶಲಕ್ಷ ಲೀಟರನ್ನು 50 ಲಕ್ಷ ಜನರಿಗೆ ಹಂಚಿದರೆ ತಲೆಗೆ 155 ಲೀಟರ್, ಕೇಳಲು ತೃಪ್ತಿಕರ. ಆದರೆ ಬೆಂಗಳೂರಿನ ಸರಬರಾಜಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನೀರು ಸೋರಿಕೆ ಮತ್ತು ಲೆಕ್ಕಕ್ಕೆ ಸಿಗದ ಬಳಕೆಯಲ್ಲಿ ಹೋಗುತ್ತದೆ. ಅಷ್ಟನ್ನು ಕಳೆದರೆ ಉಳಿಯುವುದು 115 ಲೀಟರಿನ ಆಸುಪಾಸು, ಅಂದರೆ ಮಾನದಂಡಕ್ಕಿಂತ ಕಡಿಮೆ. ಉದ್ಘಾಟನೆಯ ಭಾಷಣಗಳಲ್ಲಿ ಮೊದಲ ಅಂಕಿ ಬರುವುದು ಸಹಜ. ನಿವಾಸಿಗೆ ಬೇಕಾದದ್ದು ಎರಡನೆಯದು, ಏಕೆಂದರೆ ಕೊಳವೆಬಾವಿಯನ್ನು ಮುಚ್ಚಬೇಕೋ ಉಳಿಸಿಕೊಳ್ಳಬೇಕೋ, ಮಳೆನೀರು ಸಂಗ್ರಹಕ್ಕೆ ಖರ್ಚು ಮಾಡಬೇಕೋ ಎಂದು ಅಪಾರ್ಟ್‌ಮೆಂಟ್ ಸಂಘದವರು ನಿರ್ಧರಿಸುವುದು ಅದರ ಮೇಲೆ.

ಇದರ ಫಲ ಮುಂದಿನ ತಿಂಗಳುಗಳಲ್ಲಿ ಕಾಣಿಸಿತು. ನೀರು ಬಂದ ಮೇಲೂ ಸಂಪರ್ಕ ಪಡೆಯಲು ಅನೇಕ ವಸತಿ ಸಮುಚ್ಚಯಗಳು ಹಿಂಜರಿದವು. ಸಂಪರ್ಕದ ಮೊದಲ ಶುಲ್ಕ ದೊಡ್ಡದಿತ್ತು, ನೀರು ಎಷ್ಟು ದಿನಕ್ಕೊಮ್ಮೆ ಎಷ್ಟು ಬರುತ್ತದೆಂಬ ಖಾತ್ರಿ ಇರಲಿಲ್ಲ. ಜಲಮಂಡಳಿ ಕಂತುಗಳಲ್ಲಿ ಕಟ್ಟುವ ಸೌಲಭ್ಯ ಕೊಟ್ಟಿತು, ಬಡಾವಣೆಗಳಲ್ಲಿ ಸಂಪರ್ಕ ಅಭಿಯಾನ ನಡೆಸಿತು, 2025ರಲ್ಲಿ ‘ಸಂಚಾರಿ ಕಾವೇರಿ’ ಎಂಬ ಹೆಸರಿನಲ್ಲಿ ತಾನೇ ಟ್ಯಾಂಕರ್ ನೀರು ಮಾರಲು ಮುಂದಾಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಏರದೆ ನಿಂತಿದ್ದ ನೀರಿನ ದರ 2025ರ ಏಪ್ರಿಲ್‌ನಿಂದ ಏರಿದಾಗ ಅದನ್ನು ಲೀಟರಿಗೆ ಎಷ್ಟು ಪೈಸೆ ಎಂಬ ಲೆಕ್ಕದಲ್ಲಿ ಪ್ರಕಟಿಸಲಾಯಿತು. ಅಸಮಾಧಾನ ಇತ್ತು, ಆದರೆ ಟ್ಯಾಂಕರ್ ದರಪಟ್ಟಿಯಂತೆಯೇ ಇದೂ ಮನೆಯ ಬಿಲ್ ಹಿಡಿದು ತಾಳೆ ನೋಡಬಹುದಾದ ಪ್ರಕಟಣೆ.

ಕಾರ್ಪೊರೇಟರ್ ಇದ್ದಿದ್ದರೆ?

ಕಾರ್ಪೊರೇಟರ್‌ಗಳಿದ್ದ ಕಾಲವನ್ನು ಬಂಗಾರದ ಕಾಲವೆಂದು ಬಗೆಯಲು ಆಧಾರವಿಲ್ಲ. 2015ರಲ್ಲಿ ಆಯ್ಕೆಯಾದ ಕೌನ್ಸಿಲ್ ಇದ್ದಾಗಲೂ ವಾರ್ಡ್ ಸಮಿತಿಗಳು ರಚನೆಯಾಗಲು ಹೈಕೋರ್ಟ್ ಒತ್ತಾಯಿಸಬೇಕಾಯಿತು. ಹಲವು ವಾರ್ಡುಗಳಲ್ಲಿ ಸಭೆ ಹಾಜರಿ ಪುಸ್ತಕದಲ್ಲಷ್ಟೇ ನಡೆಯುತ್ತಿತ್ತು. ಟ್ಯಾಂಕರ್ ದಂಧೆಯ ಹಿಂದೆ ಸ್ಥಳೀಯ ಪ್ರಭಾವಿಗಳಿದ್ದಾರೆಂಬ ಆರೋಪವೂ ಆಗಿನಿಂದ ಇದ್ದದ್ದೇ. 1992ರ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಸಂವಿಧಾನದೊಳಗೆ ತಂದಿತು, ಮನಸ್ಸನ್ನು ತರಲಾಗಲಿಲ್ಲ. ಆದರೂ ಕೆಟ್ಟ ಕಾರ್ಪೊರೇಟರ್‌ನ ಮನೆಯ ವಿಳಾಸ ಜನರಿಗೆ ಗೊತ್ತಿರುತ್ತದೆ. ಬರದ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಮುಂದಿನ ಏರ್ಪಾಡಿನ ಮಾತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ರೂಪುಗೊಂಡವು. ಒಟ್ಟು ವಾರ್ಡುಗಳು 369. ಒಬ್ಬ ಸದಸ್ಯನ ಪಾಲಿನ ಜನಸಂಖ್ಯೆ ಹಳೆಯದಕ್ಕಿಂತ ಸಾಕಷ್ಟು ಕಡಿಮೆಯಾಗುತ್ತದೆ. ಬೀದಿ ಮಟ್ಟದ ಉತ್ತರಕ್ಕೆ ಇದು ಅನುಕೂಲವೇ. ತೊಡಕು ಬೇರೊಂದು ಕಡೆಯಿದೆ. ಬೆಂಗಳೂರು ಜಲಮಂಡಳಿ 1964ರ ತನ್ನದೇ ಕಾಯ್ದೆಯಡಿ ಹುಟ್ಟಿದ, ರಾಜ್ಯ ಸರ್ಕಾರಕ್ಕೆ ಉತ್ತರ ಕೊಡುವ ಸಂಸ್ಥೆ. ಯಾವ ಬೀದಿಗೆ ಯಾವಾಗ ವಾಲ್ವ್ ತೆರೆಯಬೇಕೆಂಬುದು ಅದರ ಎಂಜಿನಿಯರ್ ಕೈಯಲ್ಲಿದೆ, ಎಂಜಿನಿಯರ್ ವರದಿ ಹೋಗುವುದು ಮೇಲಕ್ಕೆ. ನಾಳೆ 369 ಸದಸ್ಯರು ಆರಿಸಿಬಂದು ಪ್ರತಿ ತಿಂಗಳೂ ತಪ್ಪದೆ ವಾರ್ಡ್ ಸಮಿತಿ ಸಭೆ ಕರೆದರೂ, ಜಲಮಂಡಳಿಯ ಸಹಾಯಕ ಎಂಜಿನಿಯರ್ ಆ ಸಭೆಗೆ ಬಂದು ಬೀದಿವಾರು ಸರಬರಾಜು ಪಟ್ಟಿ ಇಡಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದರೆ, ಸದಸ್ಯ ಜನರ ಮುಂದೆ ಓದಿ ಹೇಳುವುದು ಇನ್ನೊಬ್ಬರು ಕಳಿಸಿದ ಪ್ರಕಟಣೆಯನ್ನೇ. ಪಾಲಿಕೆ ಚುನಾವಣೆಯ ಪ್ರಣಾಳಿಕೆಗಳಲ್ಲಿ ಉಚಿತ ನೀರಿನ ಭರವಸೆಗಳ ನಡುವೆ ನಿವಾಸಿಗಳ ಸಂಘಗಳು ಮೊದಲು ಕೇಳಬೇಕಾದದ್ದು ಈ ಒಂದು ಕಟ್ಟುಪಾಡನ್ನು.